ಅಜ್ಜಿ ಬೀಳದ ಹಾಗೆ: ಗಾಂಧಿ ಬಜಾರಿನ ಒಂದು ಮನೆ, ಹದಿನೇಳು ವ್ಯಾಯಾಮ

ನಮ್ಮ ಕಾಲೇಜಿನ ಪ್ರಾಜೆಕ್ಟ್ ಎಕ್ಸಿಬಿಷನ್‌ಗೆ ಯಾವ ವರ್ಷ ಹೋದರೂ ಒಂದು ಟೇಬಲ್ ಮೇಲೆ 'ಫಾಲ್ ಡಿಟೆಕ್ಷನ್' ಬೆಲ್ಟ್ ಇದ್ದೇ ಇರುತ್ತೆ. ಒಂದು ಆರ್ಡುಯಿನೋ, ಒಂದು ಎಂಪಿಯು 6050 ಸೆನ್ಸರ್, ಒಂದು ಜಿಎಸ್ಎಂ ಮಾಡ್ಯೂಲ್. ವಯಸ್ಸಾದವರು ಸೊಂಟಕ್ಕೆ ಕಟ್ಟಿಕೊಂಡರೆ, ಅವರು ಬಿದ್ದ ತಕ್ಷಣ ಮಗನ ಮೊಬೈಲಿಗೆ ಮೆಸೇಜ್ ಹೋಗುತ್ತೆ. ಡೆಮೋಗೆ ಅಂತ ಟೀಮಿನಲ್ಲಿ ಒಬ್ಬ ಹಾಸಿಗೆ ಮೇಲೆ ದೊಪ್ಪನೆ ಬೀಳ್ತಾನೆ, ಫೋನು ಟಿಣ್ ಅನ್ನುತ್ತೆ, ಜಡ್ಜ್‌ಗಳು ತಲೆಯಾಡಿಸ್ತಾರೆ. ಈ ವರ್ಷ ಆ ಟೇಬಲ್ ನಮ್ಮದಾಗಬೇಕಿತ್ತು.

ನಾವು ನಾಲ್ಕು ಜನ. ಇಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬಳು ಮೆಕ್ಯಾನಿಕಲ್, ಒಬ್ಬ ಸಿವಿಲ್. ಬೆಲ್ಟು ಹಾಕಿ ನೋಡೋಕೆ ನಿಜವಾದ ಅಜ್ಜಿ ಬೇಕಲ್ವಾ? ನಮ್ಮಲ್ಲೊಬ್ಬನ ಮನೆ ಗಾಂಧಿ ಬಜಾರ್ ಮುಖ್ಯರಸ್ತೆಯಿಂದ ಒಳಗೆ ಎರಡನೇ ಅಡ್ಡರಸ್ತೆಯಲ್ಲಿದೆ. ಹಳೇ ಕಾಲದ ಮನೆ. ಕೆಂಪು ರೆಡ್ ಆಕ್ಸೈಡ್ ನೆಲ, ಪ್ರತಿ ಕೋಣೆಗೂ ಒಂದೊಂದು ಹೊಸ್ತಿಲು, ಹಿಂದುಗಡೆ ಒಂದು ಮೆಟ್ಟಿಲು ಇಳಿದರೆ ಬಚ್ಚಲು. ಅಲ್ಲಿ 78 ವರ್ಷದ ಅಜ್ಜಿ ಇದ್ದಾರೆ. ಶ್ರಾವಣದ ಒಂದು ಶುಕ್ರವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದವರು ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರೀತು, ಆರು ವಾರ ಪ್ಲಾಸ್ಟರ್. ಸೊಂಟ ಮುರೀಲಿಲ್ಲ, ಪುಣ್ಯ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಡಾಕ್ಟರು ಹೇಳಿ, ವಾರಕ್ಕೊಂದು ಸಲ ಒಬ್ಬ ಫಿಸಿಯೋಥೆರಪಿಸ್ಟ್ ಮನೆಗೇ ಬರೋಕೆ ಶುರು ಮಾಡಿದರು. ನಾವು ಬೆಲ್ಟು ಹಿಡಿದುಕೊಂಡು ಹೋದ ದಿನ ಅವರೂ ಅಲ್ಲೇ ಇದ್ದರು. ನಮ್ಮ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಚೆನ್ನಾಗಿದೆ. ಇದು ಅಜ್ಜಿ ಬಿದ್ದ ಮೇಲೆ ಹೇಳುತ್ತೆ. ಬೀಳದೇ ಇರೋ ಹಾಗೆ ಏನು ಮಾಡುತ್ತೆ?"

ಉತ್ತರ ನಮ್ಮ ಹತ್ರ ಇರಲಿಲ್ಲ. ಆಮೇಲಿನ ಮೂರು ತಿಂಗಳು ಆ ಮೇಡಂ ಬಂದಾಗಲೆಲ್ಲ ಸರದಿ ಪ್ರಕಾರ ನಮ್ಮಲ್ಲಿ ಒಬ್ಬರೋ ಇಬ್ಬರೋ ಹೋಗಿ ಮೂಲೆಯಲ್ಲಿ ಕೂತು ನೋಡಿದೆವು, ಸಿಕ್ಕಿದ್ದನ್ನೆಲ್ಲ ಓದಿದೆವು. ಈ ಲೇಖನ ಅದರ ಫಲ.

ಮೊದಲು ಸಮಸ್ಯೆ ಎಷ್ಟು ದೊಡ್ಡದು ಅಂತ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ಎರಡನೆಯದು. 65 ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ. 2011ರ ಜನಗಣತಿ ಹೊತ್ತಿಗೇ ಕರ್ನಾಟಕದಲ್ಲಿ 60 ದಾಟಿದವರು ಶೇಕಡ 9.5 ಇದ್ದರು, ದೇಶದ ಸರಾಸರಿಗಿಂತ ಜಾಸ್ತಿ. ಬಸವನಗುಡಿಯ ಕಥೆ ಹೇಳೋಕೆ ಜನಗಣತಿ ಬೇಕಾಗಿಲ್ಲ. ಬೆಳಿಗ್ಗೆ ಆರಕ್ಕೆ ಕೃಷ್ಣರಾವ್ ಪಾರ್ಕಿಗೋ ಬ್ಯೂಗಲ್ ರಾಕ್‌ಗೋ ಹೋಗಿ ನಿಂತರೆ ಕಾಣುತ್ತೆ: ಮಂಕಿ ಕ್ಯಾಪು, ವಾಕಿಂಗ್ ಸ್ಟಿಕ್ಕು, ಕ್ಯಾನ್ವಾಸ್ ಶೂ. ಮಕ್ಕಳು ಎಷ್ಟೋ ಜನ ವೈಟ್‌ಫೀಲ್ಡಲ್ಲೋ ಟೆಕ್ಸಾಸಲ್ಲೋ ಇದ್ದಾರೆ. ಬೆಲ್ಟು ಮೆಸೇಜ್ ಕಳಿಸಿದರೂ ಓಡಿ ಬರೋರು ಯಾರು?

ಇನ್ನು ನಿಂತಿರೋದು ಅಂದರೆ ಏನು ಅನ್ನೋ ವಿಷಯ. ಇದು ನಮ್ಮ ಏರಿಯಾ, ಸ್ವಲ್ಪ ಖುಷಿಯಾಗಿ ಬರೀತೀವಿ.

ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನ ಇನ್ವರ್ಟೆಡ್ ಪೆಂಡುಲಮ್ ನೆನಪಿದೆಯಾ? ಗಾಡಿ ಮೇಲೆ ಕೋಲು ನಿಲ್ಲಿಸೋ ಆ ಲೆಕ್ಕ. ಮನುಷ್ಯ ಅದೇ. ಭಾರವೆಲ್ಲ ಮೇಲಿದೆ, ಗುರುತ್ವ ಕೇಂದ್ರ ಹೊಕ್ಕುಳಿನ ಆಸುಪಾಸಲ್ಲಿದೆ, ಕೆಳಗೆ ಎರಡು ಪಾದದಷ್ಟೇ ಜಾಗ. ಸುಮ್ಮನೆ ನಿಂತಿದ್ದೀವಿ ಅಂದುಕೊಂಡಾಗಲೂ ನಾವು ಸಣ್ಣದಾಗಿ ತೂಗಾಡುತ್ತಲೇ ಇರ್ತೀವಿ. ಬೀಳೋಕೆ ಹೊರಟು, ಸರಿಪಡಿಸಿಕೊಂಡು, ಮತ್ತೆ ಹೊರಟು. ಈ ಲೂಪ್‌ಗೆ ಮೂರು ಸೆನ್ಸರ್. ಒಂದು ಕಣ್ಣು. ಎರಡನೆಯದು ಒಳಕಿವಿ: ಅದರಲ್ಲಿ ಮೂರು ಅರ್ಧವೃತ್ತದ ನಾಳಗಳು ತಲೆ ತಿರುಗುವಿಕೆಯನ್ನು ಅಳೆದರೆ, ಪಕ್ಕದ ಎರಡು ಸಣ್ಣ ಚೀಲಗಳು ನೇರ ಚಲನೆಯನ್ನೂ ವಾಲುವಿಕೆಯನ್ನೂ ಅಳೆಯುತ್ತವೆ. ಅಂದರೆ ನಮ್ಮ ಎಂಪಿಯು 6050 ಒಳಗಿರೋ ಗೈರೋ, ಆಕ್ಸಿಲರೋಮೀಟರ್ ಎರಡೂ ಹುಟ್ಟಿನಿಂದಲೇ ಕಿವಿಯೊಳಗಿವೆ. ಮೂರನೆಯದು ಪಾದದ ಚರ್ಮ ಮತ್ತು ಕೀಲು, ಸ್ನಾಯುಗಳಲ್ಲಿರೋ ನರದ ತುದಿಗಳು. ಮಿದುಳು ಈ ಮೂರನ್ನೂ ಸೇರಿಸಿ, ಯಾವುದನ್ನು ಎಷ್ಟು ನಂಬಬೇಕು ಅಂತ ಗಳಿಗೆ ಗಳಿಗೆಗೂ ತೀರ್ಮಾನ ಮಾಡುತ್ತೆ. ಕತ್ತಲಾದರೆ ಕಣ್ಣಿನ ತೂಕ ಇಳಿಸಿ ಪಾದದ ತೂಕ ಏರಿಸುತ್ತೆ.

ಈಗ ಅಜ್ಜಿಯ ಬಚ್ಚಲಿಗೆ ಬನ್ನಿ. ತಲೆಗೆ ಸೀಗೆಪುಡಿ, ಕಣ್ಣು ಮುಚ್ಚಿದೆ. ಒಂದು ಸೆನ್ಸರ್ ಆಫ್. ನೆಲದ ಮೇಲೆ ಎಣ್ಣೆ ನೀರು, ಪಾದದ ಸಿಗ್ನಲ್ ನಂಬೋ ಹಾಗಿಲ್ಲ. ಉಳಿದಿದ್ದು 78 ವರ್ಷದ ಒಳಕಿವಿ. ಆಗ ಚೊಂಬಿಗೆ ಅಂತ ಪಕ್ಕಕ್ಕೆ ಬಾಗಿದರು.

ಸೆನ್ಸರ್ ಸರಿಯಿದ್ದರೂ ಮೋಟಾರ್ ಬೇಕಲ್ಲ. ದೇಹ ವಾಲಿದಾಗ ಮೊದಲು ಹಿಮ್ಮಡಿ ಗಂಟು ಸರಿಪಡಿಸುತ್ತೆ, ಸಾಲದಿದ್ದರೆ ಸೊಂಟ, ಅದೂ ಸಾಲದಿದ್ದರೆ ಒಂದು ಹೆಜ್ಜೆ ಆ ಕಡೆ ಹಾಕಲೇಬೇಕು. ನಿಂತಲ್ಲಿಂದ ನೆಲಕ್ಕೆ ಬೀಳೋಕೆ ಒಂದು ಸೆಕೆಂಡೂ ಬೇಡ. ಅಷ್ಟರೊಳಗೆ ಸಿಗ್ನಲ್ ಹೋಗಿ, ಕಾಲು ಎದ್ದು, ಸರಿಯಾದ ಜಾಗದಲ್ಲಿ ಊರಬೇಕು. ವಯಸ್ಸಾದಂತೆ ಸ್ನಾಯು ಕರಗುತ್ತೆ, ಅದರಲ್ಲೂ ಥಟ್ಟನೆ ಬಲ ಹಾಕೋ ವೇಗದ ಎಳೆಗಳು ಹೆಚ್ಚಾಗಿ ಕರಗುತ್ತವೆ. ಹಾಗಾಗಿ ಅಜ್ಜಿಗೆ ನಿಧಾನವಾಗಿ ನಡೆಯೋ ಬಲ ಇದ್ದರೂ ಎಡವಿದಾಗ ಫಕ್ಕನೆ ಕಾಲು ಚಾಚೋ ಬಲ ಇರಲ್ಲ. 'ಜಾರಿ ಬಿದ್ದರು' ಅಂತ ನಾವೆಲ್ಲ ಹೇಳ್ತೀವಿ. ಜಾರೋದು ನಾವೂ ಜಾರ್ತೀವಿ, ಕಾಲೇಜು ಕ್ಯಾಂಟೀನ್ ಮುಂದೆ ದಿನಾ ಯಾರಾದರೂ ಜಾರ್ತಾರೆ. ಜಾರಿದ ಮೇಲಿನ ಅರ್ಧ ಸೆಕೆಂಡಿನಲ್ಲಿ ವ್ಯತ್ಯಾಸ ಇರೋದು.

ಇಷ್ಟು ಅರ್ಥವಾದ ಮೇಲೆ, ಬಿದ್ದವರ ಮನೆಗಳಲ್ಲಿ ಆಗೋ ಒಂದು ತಪ್ಪು ಎದ್ದು ಕಾಣುತ್ತೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಮಗ, ಸೊಸೆ, ಮೊಮ್ಮಗ ಎಲ್ಲರದೂ ಒಂದೇ ಮಾತು: "ಅಮ್ಮಾ, ನೀನು ಸುಮ್ನೆ ಕೂತ್ಕೋ. ಏನು ಬೇಕೋ ಕೇಳು, ತಂದುಕೊಡ್ತೀವಿ." ಪ್ರೀತಿಯಿಂದಲೇ ಹೇಳಿದ್ದು. ಅಜ್ಜಿಗೂ ಭಯ ಇತ್ತು, ಕೂತರು. ದೇವರ ಮನೆಗೆ ಹೋಗೋದು ನಿಂತಿತು, ಹೂವು ತರೋಕೆ ಗಾಂಧಿ ಬಜಾರಿಗೆ ಹೋಗೋದು ನಿಂತಿತು. ನಲವತ್ತು ವರ್ಷದಿಂದ ಒಂದೇ ಹೂವಿನವಳ ಹತ್ತಿರ ಮೊಳ ಹಾಕಿಸಿಕೊಳ್ಳುತ್ತಿದ್ದವರು ಅವರು. ಕೂತಷ್ಟೂ ತೊಡೆ ಕರಗುತ್ತೆ, ತೊಡೆ ಕರಗಿದಷ್ಟೂ ಎದ್ದಾಗ ತೂರಾಡ್ತಾರೆ, ತೂರಾಡಿದಷ್ಟೂ ಭಯ. ನಮ್ಮ ಭಾಷೆಯಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್, ಕೆಟ್ಟ ಅರ್ಥದಲ್ಲಿ. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತೇ ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದು ನೋಡಿದ್ದರು. ಹತ್ತು ದಿನಕ್ಕೆ ಕಾಲುಗಳ ಸ್ನಾಯು ಸರಾಸರಿ ಸುಮಾರು ಒಂದು ಕಿಲೋ ಇಳಿದಿತ್ತು.

ಮೇಡಂ ಮೊದಲ ದಿನ ವ್ಯಾಯಾಮ ಶುರು ಮಾಡಲಿಲ್ಲ, ಅಳತೆ ತೆಗೆದುಕೊಂಡರು. ನೆಲದ ಮೇಲೆ ಮೂರು ಮೀಟರ್ ಅಳೆದು ಟೇಪ್ ಅಂಟಿಸಿದರು. ಕುರ್ಚಿಯಿಂದ ಎದ್ದು, ಅಲ್ಲಿವರೆಗೆ ನಡೆದು, ತಿರುಗಿ, ವಾಪಸ್ ಬಂದು ಕೂರಬೇಕು. ಮೊಬೈಲಲ್ಲಿ ಸ್ಟಾಪ್‌ವಾಚ್. ಇದಕ್ಕೆ 'ಟೈಮ್ಡ್ ಅಪ್ ಅಂಡ್ ಗೋ' ಅಂತಾರೆ, 1991ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. 12 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ತೆಗೆದುಕೊಂಡರೆ ಬೀಳೋ ಸಂಭವ ಹೆಚ್ಚು ಅಂತ ಅಮೆರಿಕದ ಸಿಡಿಸಿ ಇಟ್ಟಿರೋ ಗೆರೆ. ಅಜ್ಜಿ 21 ಸೆಕೆಂಡ್ ತೆಗೆದುಕೊಂಡರು, ತಿರುಗೋಕೇ ಆರು ಹೆಜ್ಜೆ. ಎರಡನೆಯದು, ಕೈ ಎದೆ ಮೇಲೆ ಕಟ್ಟಿಕೊಂಡು ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳ್ತೀರಿ ಅನ್ನೋದು. 75ರಿಂದ 79 ವಯಸ್ಸಿನ ಹೆಂಗಸರಿಗೆ ಹತ್ತಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆ ಅಂತ. ಅಜ್ಜಿಗೆ ಕೈ ಊರದೆ ಏಳೋಕೆ ಆಗಲೇ ಇಲ್ಲ. ಸೊನ್ನೆ. "ಅಯ್ಯೋ, ಎಸ್ಸೆಸ್ಸೆಲ್ಸಿ ಗಣಿತದಲ್ಲೂ ನಂಗೆ ಸೊನ್ನೆ ಬಂದಿರಲಿಲ್ಲ" ಅಂದರು ಅಜ್ಜಿ.

ಮನೆಯಲ್ಲೇ ಯಾವತ್ತಾದರೂ ನೋಡಬಹುದಾದ ಪರೀಕ್ಷೆಗಳು ಇವು. ಆದರೆ ನೋಡುವಾಗ ಪಕ್ಕದಲ್ಲೇ ಕೈ ಚಾಚಿ ಒಬ್ಬರು ನಿಂತಿರಲೇಬೇಕು.

ಆಮೇಲೆ ಅವರು ಶುರು ಮಾಡಿಸಿದ್ದು ನ್ಯೂಜಿಲೆಂಡಿನಿಂದ ಬಂದ ಒಂದು ಕ್ರಮ. ಅಲ್ಲಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತವರ ತಂಡ 1990ರ ದಶಕದಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡಿತು: ಆಸ್ಪತ್ರೆಗೆ, ಜಿಮ್‌ಗೆ ಬರಲಾಗದ ಎಂಬತ್ತು ದಾಟಿದವರಿಗೆ ಮನೆಯಲ್ಲೇ ಕಾಲಿನ ಬಲ, ತೋಲನ ಬೆಳೆಸಬಹುದಾ? 80 ದಾಟಿದ 233 ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ಎರಡು ತಿಂಗಳಲ್ಲಿ ನಾಲ್ಕು ಸಲ ಫಿಸಿಯೋಥೆರಪಿಸ್ಟ್ ಹೋಗಿ ವ್ಯಾಯಾಮ ಹೇಳಿಕೊಟ್ಟರು. ಇನ್ನೊಂದು ಗುಂಪಿನವರ ಮನೆಗೂ ಅಷ್ಟೇ ಸಲ ಹೋದರು, ಆದರೆ ಸುಮ್ಮನೆ ಮಾತಾಡಿಸಿ ಬಂದರು. ಈ ಎರಡನೆಯದು ಜಾಣತನ. ಯಾರಾದರೂ ಮನೆಗೆ ಬಂದು ಮಾತಾಡಿಸಿದರೇ ಹಿರಿಯರಿಗೆ ಅರ್ಧ ಗುಣವಾಗುತ್ತೆ, ಅದನ್ನು ಲೆಕ್ಕದಿಂದ ಕಳೀಬೇಕಲ್ಲ. 1997ರಲ್ಲಿ ಫಲಿತಾಂಶ ಪ್ರಕಟವಾಯಿತು: ವ್ಯಾಯಾಮ ಮಾಡಿದವರು ಸ್ಪಷ್ಟವಾಗಿ ಕಡಿಮೆ ಬಿದ್ದಿದ್ದರು. ಅದೇ ತಂಡ ಮುಂದೆ ಮಾಡಿದ ಪ್ರಯೋಗಗಳನ್ನೂ ಸೇರಿಸಿ ನೋಡಿದಾಗ ಬೀಳೋದು ಸುಮಾರು ಶೇಕಡ 35 ಇಳಿದಿತ್ತು.

ಒಟಾಗೋ ಕ್ರಮದಲ್ಲಿ ಒಟ್ಟು 17 ವ್ಯಾಯಾಮ. ಐದು ಬಲಕ್ಕೆ, ಹನ್ನೆರಡು ತೋಲನಕ್ಕೆ. ಎಲ್ಲವನ್ನೂ ಎಲ್ಲರಿಗೂ ಕೊಡಲ್ಲ. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಮಧ್ಯದ ದಿನಗಳಲ್ಲಿ ಆದಷ್ಟು ನಡಿಗೆ. ಬಲದ ವ್ಯಾಯಾಮಕ್ಕೆ ಕಾಲಿನ ಗಂಟಿಗೆ ತೂಕದ ಪಟ್ಟಿ ಕಟ್ಟಬೇಕು. ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತೆ. ನಾವು ಎಂಜಿನಿಯರುಗಳು, ಸುಮ್ನೆ ದುಡ್ಡು ಯಾಕೆ ಅಂತ ಅರ್ಧ ಕೆಜಿ ಉಪ್ಪಿನ ಪ್ಯಾಕೆಟ್ಟನ್ನು ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ ಕಟ್ಟಿದೆವು. ಎರಡನೇ ಸಲಕ್ಕೇ ಗಂಟು ಸಡಿಲವಾಗಿ ಪಾದದ ಮೇಲೆ ಜಾರಿತು. ಮೇಡಂ ನಮ್ಮನ್ನು ನೋಡಿದ ನೋಟಕ್ಕೆ ಅವತ್ತೇ ಹೋಗಿ ಪಟ್ಟಿ ತಂದೆವು.

ಕುರ್ಚಿ ಮೇಲೆ ಕೂತು ಮೊಣಕಾಲು ನೇರ ಮಾಡೋದು, ನಿಂತು ಹಿಮ್ಮಡಿ ಹಿಂದಕ್ಕೆ ಎತ್ತೋದು, ಕಾಲನ್ನು ಪಕ್ಕಕ್ಕೆ ಎತ್ತೋದು, ತುದಿಗಾಲ ಮೇಲೆ ಏಳೋದು, ಹಿಮ್ಮಡಿ ಮೇಲೆ ನಿಂತು ಬೆರಳು ಎತ್ತೋದು. ಬಲಕ್ಕೆ ಇಷ್ಟೇ. ಪಕ್ಕಕ್ಕೆ ಎತ್ತೋದನ್ನ ನಾವು ಹಗುರವಾಗಿ ನೋಡಿದ್ದೆವು. ನಡೆಯುವಾಗ ಒಂದು ಕಾಲು ಗಾಳಿಯಲ್ಲಿದ್ದ ಅಷ್ಟೂ ಹೊತ್ತು ಇಡೀ ದೇಹದ ಭಾರ ಇನ್ನೊಂದು ಕಾಲಿನ ಸೊಂಟದ ಪಕ್ಕದ ಸ್ನಾಯು ಮೇಲೆ ನಿಂತಿರುತ್ತೆ. ಅದು ಸೋತರೆ ಮನುಷ್ಯ ಪಕ್ಕಕ್ಕೆ ವಾಲ್ತಾನೆ. ಪಕ್ಕಕ್ಕೆ ಬಿದ್ದಾಗಲೇ ಸೊಂಟದ ಮೂಳೆ ಹೆಚ್ಚಾಗಿ ಮುರಿಯೋದು. ಮೆಕ್ಯಾನಿಕಲ್‌ನವಳು ಒಂದು ಫ್ರೀ ಬಾಡಿ ಡಯಾಗ್ರಾಂ ಬರೆದು ತೋರಿಸಿದಾಗ ನಮಗೆ ತಲೆಗೆ ಹೋಯಿತು.

ತೋಲನದ ಭಾಗ ನೋಡೋಕೆ ಸುಲಭ, ಮಾಡೋಕೆ ಕಷ್ಟ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಹತ್ತು ಸೆಕೆಂಡ್ ನಿಲ್ಲಬೇಕು. ಹಾಗೇ ಗೆರೆ ಮೇಲೆ ನಡೀಬೇಕು. ಹಿಂದಕ್ಕೆ, ಪಕ್ಕಕ್ಕೆ, ಎಂಟರ ಆಕಾರದಲ್ಲಿ ನಡೀಬೇಕು. ಒಂಟಿ ಕಾಲಲ್ಲಿ ನಿಲ್ಲಬೇಕು. ಮತ್ತೆ ಮತ್ತೆ ಕುರ್ಚಿಯಿಂದ ಏಳಬೇಕು. ಮೊದಲು ಅಡುಗೆಮನೆ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಬರೀ ಬೆರಳು, ಆಮೇಲೆ ಕೈ ಬಿಟ್ಟು. ಎಲ್ಲದರ ಗುಟ್ಟು ಇದೇ: ಸ್ವಲ್ಪ ತೂರಾಡಬೇಕು. ಆರಾಮಾಗಿ ಮಾಡೋಕೆ ಆಗ್ತಿದೆ ಅಂದರೆ ಮಿದುಳಿಗೆ ಕಲಿಯೋಕೆ ಏನೂ ಇಲ್ಲ. ತೀರಾ ತೂರಾಡಿದರೆ ಬೀಳ್ತಾರೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಅಂತ ಪ್ರತಿ ವಾರ ನೋಡಿ ಮುಂದಕ್ಕೆ ಸರಿಸೋದೇ ಫಿಸಿಯೋಥೆರಪಿಸ್ಟ್ ಕೆಲಸ. ಯೂಟ್ಯೂಬ್ ವಿಡಿಯೋ ಈ ಗೆರೆಯನ್ನು ನೋಡಲಾರದು. ಅದಕ್ಕೇ, ಈ ಲೇಖನ ಓದಿ ನಾಳೆ ಬೆಳಿಗ್ಗೆ ನಿಮ್ಮ ತಾತನ್ನ ಒಂಟಿ ಕಾಲಲ್ಲಿ ನಿಲ್ಲಿಸಬೇಡಿ. ಮೊದಲು ಡಾಕ್ಟರು, ಆಮೇಲೆ ಫಿಸಿಯೋ, ಆಮೇಲೆ ನೀವು.

"ನಮ್ಮ ತಾತ ದಿನಾ ಪಾರ್ಕಲ್ಲಿ ನಾಲ್ಕು ರೌಂಡ್ ಹಾಕ್ತಾರೆ, ಅವರಿಗೇನೂ ಆಗಲ್ಲ" ಅನ್ನೋರಿಗೆ ಒಂದು ಮಾತು. ನಡಿಗೆ ಹೃದಯಕ್ಕೆ ಒಳ್ಳೇದು, ಮನಸ್ಸಿಗೆ ಇನ್ನೂ ಒಳ್ಳೇದು. ಆದರೆ ಬರೀ ನಡಿಗೆಯಿಂದ ಬೀಳೋದು ಕಡಿಮೆಯಾಗುತ್ತೆ ಅಂತ ಹೇಳೋಕೆ ಗಟ್ಟಿ ಪುರಾವೆ ಇಲ್ಲ. ಈಗಾಗಲೇ ಬಿದ್ದು ಕೈ ಮುರಿದುಕೊಂಡಿದ್ದ ಮಹಿಳೆಯರಿಗೆ ಚುರುಕಾಗಿ ನಡೆಯೋಕೆ ಹೇಳಿದ ಒಂದು ಬ್ರಿಟಿಷ್ ಅಧ್ಯಯನದಲ್ಲಿ, 1997ರಲ್ಲಿ, ನಡೆದವರೇ ಹೆಚ್ಚು ಬಿದ್ದರು! ತೋಲನ ಮತ್ತು ಬಲ ಸೇರಿದ ವ್ಯಾಯಾಮದ ಕಥೆ ಬೇರೆ. 2019ರಲ್ಲಿ ಕಾಕ್ರೇನ್ ಸಂಸ್ಥೆ 108 ಪ್ರಯೋಗಗಳನ್ನು, 23,000ಕ್ಕೂ ಹೆಚ್ಚು ಹಿರಿಯರನ್ನು ಒಟ್ಟಿಗೆ ಇಟ್ಟು ನೋಡಿ, ವ್ಯಾಯಾಮದಿಂದ ಬೀಳೋದು ಸುಮಾರು ಶೇಕಡ 23 ಕಡಿಮೆಯಾಗುತ್ತೆ ಅಂತ ಹೇಳಿತು. ಅದೇ ವರ್ಷ ಕೆನಡಾದ ವ್ಯಾಂಕೂವರ್‌ನಲ್ಲಿ, ಈಗಾಗಲೇ ಒಮ್ಮೆ ಬಿದ್ದಿದ್ದ 70 ದಾಟಿದವರಿಗೆ ಇದೇ ಒಟಾಗೋ ಕ್ರಮ ಮಾಡಿಸಿದಾಗ ಮತ್ತೆ ಬೀಳೋದು ಸುಮಾರು ಶೇಕಡ 36 ಇಳಿಯಿತು. ನಮ್ಮ ಅಜ್ಜಿ ಈ ಗುಂಪಿಗೇ ಸೇರೋದು.

ಎಲ್ಲ ಕಡೆ ಗೆದ್ದಿದೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 9,803 ಜನರ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ, ಅಂಚೆಯಲ್ಲಿ ಪ್ರಶ್ನಾವಳಿ ಕಳಿಸಿ, ಅಪಾಯ ಹೆಚ್ಚಿದ್ದವರನ್ನು ಹುಡುಕಿ ವ್ಯಾಯಾಮಕ್ಕೆ ಕರೆದರು. ಮೂಳೆ ಮುರಿತ ಕಡಿಮೆಯಾಗಲಿಲ್ಲ. ನಮಗೆ ಅನ್ನಿಸಿದ್ದು, ಒಳ್ಳೇ ವಿನ್ಯಾಸ ಬೇರೆ, ಅದು ಸಾವಿರ ಮನೆಗಳಲ್ಲಿ ತಿಂಗಳುಗಟ್ಟಲೆ ನಿಜವಾಗಿ ನಡೆಯೋದು ಬೇರೆ. ಕಣ್ಣು ತುಂಬಾ ಮಂದವಾದವರ ಮೇಲೆ ಕ್ಯಾಂಪ್‌ಬೆಲ್ ತಂಡವೇ 2005ರಲ್ಲಿ ಮಾಡಿದ ಪ್ರಯೋಗದಲ್ಲೂ ವ್ಯಾಯಾಮ ಅಷ್ಟಾಗಿ ಕೆಲಸ ಮಾಡಲಿಲ್ಲ. ಅಲ್ಲಿ ಗೆದ್ದಿದ್ದು ಮನೆಯನ್ನೇ ಸರಿಮಾಡಿದ್ದು.

ಅಂದರೆ ಮನೆಯ ಕಡೆಯೂ ನೋಡಬೇಕು. ಇದು ನಮಗೆ ಸಿಕ್ಕ ಕೆಲಸ.

ಬಚ್ಚಲಲ್ಲಿ ಅಜ್ಜಿ ಹಿಡಿದುಕೊಳ್ಳುತ್ತಿದ್ದದ್ದು ಟವೆಲ್ ರಾಡು. ಅದು ಒದ್ದೆ ಟವೆಲ್ ಭಾರಕ್ಕೆ ಮಾಡಿದ್ದು, ಬೀಳ್ತಿರೋ 55 ಕೆಜಿ ಮನುಷ್ಯರ ಭಾರಕ್ಕಲ್ಲ. ಸ್ಟೀಲಿನ ಹಿಡಿಕೆ ತಂದು ಡ್ರಿಲ್ ಹಾಕಿದರೆ ಹಳೇ ಗಾರೆ ಗೋಡೆ ಪುಡಿಪುಡಿಯಾಗಿ ಉದುರಿತು, ಆಂಕರ್ ಬೋಲ್ಟು ಕೈಗೇ ಬಂತು. ನಮ್ಮ ಸಿವಿಲ್ ಮಹಾಶಯ ಸಿದ್ಧಾಂತ ಹೇಳುತ್ತಾ ನಿಂತಿದ್ದ. ಕೊನೆಗೆ ಪಕ್ಕದ ರಸ್ತೆಯ ಗಾರೆ ಕೆಲಸದವರು ಬಂದು, ಉದುರೋ ಭಾಗ ಕೆತ್ತಿ ತೆಗೆದು, ಗೋಡೆಯ ಆ ಕಡೆಯಿಂದ ಕಬ್ಬಿಣದ ಪಟ್ಟಿ ಕೊಟ್ಟು ಆರುಪಾರು ಬೋಲ್ಟ್ ಹಾಕಿ ಕೂರಿಸಿದರು. ನಾವು ನಾಲ್ಕು ಜನ ಒಬ್ಬೊಬ್ಬರಾಗಿ ಜೋತುಬಿದ್ದು ಪರೀಕ್ಷೆ ಮಾಡಿದೆವು. ನಮ್ಮ ನಾಲ್ಕು ವರ್ಷದಲ್ಲಿ ಮಾಡಿದ ಅತ್ಯಂತ ಉಪಯುಕ್ತ ಲೋಡ್ ಟೆಸ್ಟ್ ಅದೇ ಇರಬೇಕು.

ಸ್ನಾನಕ್ಕೆ ಎತ್ತರದ ಪ್ಲಾಸ್ಟಿಕ್ ಸ್ಟೂಲು, ರಬ್ಬರ್ ಬುಡದ್ದು. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ಉರಿಯೋ ಸಣ್ಣ ದೀಪ. ಹೊಸ್ತಿಲು ತೆಗೆಯೋಕೆ ಅಜ್ಜಿ ಒಪ್ಪಲಿಲ್ಲ, "ಹೊಸ್ತಿಲಿಲ್ಲದ ಮನೆ ಏನು ಮನೆನೋ" ಅಂದರು. ಸರಿ, ಅರಿಶಿನ ಬಳಿಯೋ ಹೊಸ್ತಿಲಿಗೆ ಇನ್ನಷ್ಟು ದಪ್ಪಗೆ ಹಳದಿ ಬಳಿದೆವು, ಕೆಂಪು ನೆಲದ ಮೇಲೆ ಎದ್ದು ಕಾಣುತ್ತೆ. ಪ್ರತಿ ಹೊಸ್ತಿಲ ಮುಂದಿದ್ದ ಕಾಲೊರಸು ಎತ್ತಿಟ್ಟೆವು. ಹವಾಯಿ ಚಪ್ಪಲಿ ಹೋಗಿ ಹಿಮ್ಮಡಿಗೆ ಪಟ್ಟಿ ಇರೋ ಚಪ್ಪಲಿ ಬಂತು. ಬೈಫೋಕಲ್ ಕನ್ನಡಕದ ವಿಷಯ ನಮಗೆ ಹೊಳೆದೇ ಇರಲಿಲ್ಲ. ಅದರ ಕೆಳಭಾಗ ಓದೋಕೆ. ಮೆಟ್ಟಿಲು ಇಳಿಯುವಾಗ ಕೆಳಗೆ ನೋಡಿದರೆ ಆ ಭಾಗದಿಂದಲೇ ನೋಡ್ತಾರೆ, ಮೆಟ್ಟಿಲಂಚು ಮಸುಕು. ಹೊರಗೆ ಹೋಗೋಕೆ ಬೇರೆ ಕನ್ನಡಕ ಮಾಡಿಸಿಕೊಳ್ಳಿ ಅಂದರು ಮೇಡಂ.

ಮಾತ್ರೆಗಳ ಡಬ್ಬಿಯನ್ನೂ ಅವರು ನೋಡಿದರು. ಅದರಲ್ಲೊಂದು ನಿದ್ದೆ ಮಾತ್ರೆ, ಯಾವಾಗಲೋ ಬರೆದುಕೊಟ್ಟಿದ್ದು, ಹಾಗೇ ಮುಂದುವರಿದಿತ್ತು. ಒಟಾಗೋ ತಂಡ 1999ರಲ್ಲಿ ಇಂಥ ಮಾತ್ರೆಗಳನ್ನು ನಿಧಾನವಾಗಿ ಬಿಡಿಸಿ ನೋಡಿದಾಗ ಬೀಳೋದು ಶೇಕಡ 66 ಇಳಿದಿತ್ತಂತೆ. ಯಾವ ವ್ಯಾಯಾಮಕ್ಕೂ ಬರದ ಅಂಕಿ ಇದು. ತಮಾಷೆ ಅಂದರೆ ಪ್ರಯೋಗ ಮುಗಿದು ತಿಂಗಳೊಳಗೆ ಬಿಟ್ಟವರಲ್ಲಿ ಅರ್ಧದಷ್ಟು ಜನ ಮತ್ತೆ ಶುರು ಮಾಡಿದ್ದರು. ಇದನ್ನು ನಾವಾಗಲಿ ನೀವಾಗಲಿ ಬಿಡಿಸೋಕೆ ಹೋಗಬಾರದು, ಫಟ್ಟನೆ ನಿಲ್ಲಿಸಿದರೆ ಅಪಾಯ. ಡಾಕ್ಟರ ಹತ್ರ ಡಬ್ಬಿ ತಗೊಂಡು ಹೋಗಿ ಕೇಳಬೇಕು ಅಷ್ಟೇ. ಜೊತೆಗೆ ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಿಸಬೇಕು. ಎದ್ದ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ಅದೂ ಬೀಳಿಸುತ್ತೆ.

ಮಾಡಿಸೋದು ಹೇಗೆ ಅನ್ನೋದು ಬೇರೆ ಕಥೆ. ಮೊದಲ ವಾರ ಉತ್ಸಾಹ, ಮೂರನೇ ವಾರ ಬೇಜಾರು. "ಇವತ್ತು ಏಕಾದಶಿ, ಬೇಡ." "ಇವತ್ತು ಮೊಣಕಾಲು ಹಿಡ್ಕೊಂಡಿದೆ." "ಟಿವಿಯಲ್ಲಿ ಧಾರಾವಾಹಿ." ಮೊಮ್ಮಗ ಗೋಡೆಗೆ ಕ್ಯಾಲೆಂಡರ್ ಹಾಕಿ ಟಿಕ್ ಮಾಡಿಸಿದ, ಎರಡು ವಾರಕ್ಕೆ ಅದೂ ನಿಂತಿತು. ಮೇಡಂ ದಾರಿ ಬದಲಿಸಿದರು. ಆಸ್ಟ್ರೇಲಿಯಾದಲ್ಲಿ ಲಿಂಡಿ ಕ್ಲೆಮ್ಸನ್ ಅನ್ನೋರು ವ್ಯಾಯಾಮವನ್ನು ಬೇರೆ ಮಾಡದೆ ದಿನದ ಕೆಲಸದೊಳಗೇ ಸೇರಿಸೋ ಒಂದು ಕ್ರಮ ಮಾಡಿದ್ದಾರೆ. 2012ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲೂ ಬೀಳೋದು ಸುಮಾರು ಶೇಕಡ 31 ಕಡಿಮೆಯಾಗಿತ್ತು. ಹಾಗೆ ಅಜ್ಜಿಯ ಮನೆಯಲ್ಲಿ, ಹಾಲು ಉಕ್ಕೋವರೆಗೆ ಕಟ್ಟೆ ಹಿಡಿದು ಹಿಮ್ಮಡಿ-ಬೆರಳು ತಾಗಿಸಿ ನಿಲ್ಲೋದು. ಮೇಲಿನ ಡಬ್ಬಿ ತೆಗೆಯುವಾಗ ತುದಿಗಾಲು. ತುಳಸಿ ಕಟ್ಟೆಗೆ ಪ್ರದಕ್ಷಿಣೆ ಬಂದಾಗ ಎರಡು ಸುತ್ತು ಮಾಮೂಲಿ, ಮೂರನೆಯದು ಗೆರೆ ಮೇಲೆ ನಡೆದ ಹಾಗೆ. ಧಾರಾವಾಹಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಹತ್ತು ಸಲ ಕುರ್ಚಿಯಿಂದ ಏಳೋದು. ಜಾಹೀರಾತುಗಳಿಂದ ಇಷ್ಟು ಉಪಕಾರ ಆಗುತ್ತೆ ಅಂತ ನಮಗೆ ಗೊತ್ತಿರಲಿಲ್ಲ.

ಇನ್ನೊಂದು ವಿಚಿತ್ರ. ಅಜ್ಜಿ ನಡೆಯುವಾಗ ನಾವೇನಾದರೂ ಕೇಳಿದರೆ ನಿಂತುಬಿಡೋರು, ಉತ್ತರ ಕೊಟ್ಟು ಆಮೇಲೆ ನಡೆಯೋರು. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನೇ ಗಮನಿಸಿದ್ದರು: ಮಾತಾಡಿಸಿದರೆ ನಿಂತುಬಿಡೋ ಹಿರಿಯರು ಮುಂದೆ ಬೀಳೋ ಸಂಭವ ಹೆಚ್ಚು. ನಡಿಗೆಗೇ ಪ್ರೊಸೆಸರ್ ಪೂರ್ತಿ ಖರ್ಚಾಗ್ತಿದೆ, ಮಾತಿಗೆ ಉಳಿದಿಲ್ಲ. ಗಾಂಧಿ ಬಜಾರಿನಲ್ಲಿ ಬರೀ ನಡೆಯೋಕೆ ಆಗುತ್ತಾ? ಹೂವಿನ ಬೆಲೆ ಕೇಳಬೇಕು, ಸ್ಕೂಟರ್ ನೋಡಬೇಕು, ಗುರುತಿನವರು ಸಿಕ್ಕರೆ ಮಾತಾಡಬೇಕು, ಸೀರೆ ನೆರಿಗೆ ಹಿಡೀಬೇಕು, ಕೈಯಲ್ಲಿ ಚೀಲ. ಮೇಡಂ ಎರಡನೇ ತಿಂಗಳಿನಿಂದ ಹಜಾರದಲ್ಲಿ ನಡೆಸುತ್ತಾ ನೂರರಿಂದ ಮೂರು ಮೂರು ಕಳೀರಿ ಅಂತ ಶುರು ಮಾಡಿದರು. ಅಜ್ಜಿಗೆ ಅದು ಹಿಡಿಸಲಿಲ್ಲ. ಬದಲಿಗೆ ನಕ್ಷತ್ರಗಳ ಹೆಸರು ಹೇಳುತ್ತಾ ನಡೆದರು: ಅಶ್ವಿನಿ, ಭರಣಿ, ಕೃತ್ತಿಕೆ. ಮೊದಲ ದಿನ ಪುಷ್ಯಕ್ಕೆ ಬಂದು ನಿಂತರು. ಡಿಸೆಂಬರ್ ಹೊತ್ತಿಗೆ ರೇವತಿವರೆಗೂ ನಿಲ್ಲದೆ ನಡೆದರು.

ಅಜ್ಜಿಗೆ ಒಂದೇ ಹಟ ಇತ್ತು: ಕಾರ್ತಿಕದ ಕೊನೇ ಸೋಮವಾರ ದೊಡ್ಡ ಗಣಪತಿ ಗುಡಿ ಹತ್ತಿರದ ಕಡಲೆಕಾಯಿ ಪರಿಷೆಗೆ ಹೋಗಬೇಕು. ಹುಟ್ಟಿದ್ದು ಚಾಮರಾಜಪೇಟೆ, ಬಂದಿದ್ದು ಬಸವನಗುಡಿ, ಪರಿಷೆ ತಪ್ಪಿಸಿದ ವರ್ಷ ಕಡಿಮೆ. ಮೇಡಂ ಬೇಡವೇ ಬೇಡ ಅಂದರು. "ಅಜ್ಜಿ, ಆ ನೂಕುನುಗ್ಗಲಲ್ಲಿ ನಾನೇ ಬೀಳ್ತೀನಿ. ನೀವು ಮೊದಲು ಹೂವಿನ ಅಂಗಡಿಗೆ ಹೋಗಿ ಬನ್ನಿ." ಅಜ್ಜಿ ಎರಡು ದಿನ ಮುನಿಸಿಕೊಂಡು ವ್ಯಾಯಾಮ ಮಾಡಲಿಲ್ಲ. ಪರಿಷೆ ದಿನ ನಾವೇ ಬುಲ್ ಟೆಂಪಲ್ ರಸ್ತೆಯಿಂದ ಎರಡು ಸೇರು ಕಡಲೆಕಾಯಿ ತಂದುಕೊಟ್ಟೆವು. "ಮೂರು ಬೀಜದ್ದು ಒಂದೂ ಇಲ್ಲ, ನಿಮಗೆ ಆರಿಸೋಕೆ ಬರಲ್ಲ" ಅಂದರು.

ಹೂವಿನ ಅಂಗಡಿಗೆ ಹೋಗಿದ್ದು ಆಮೇಲೆ ಮೂರು ವಾರಕ್ಕೆ, ಒಂದು ಬುಧವಾರ ಬೆಳಿಗ್ಗೆ ಏಳಕ್ಕೆ, ಗಾಡಿಗಳ ಗಲಾಟೆ ಶುರುವಾಗೋ ಮುಂಚೆ. ಕೋಲು ಒಂದು ಕೈಯಲ್ಲಿ, ಮೊಮ್ಮಗ ಅರ್ಧ ಹೆಜ್ಜೆ ಹಿಂದೆ. ಹಿಡಿದುಕೊಳ್ಳಬೇಡ, ಹತ್ತಿರ ಇರು ಅಂತ ಮೇಡಂ ಹೇಳಿದ್ದರು. ಇತ್ತೀಚಿನ ವರ್ಷಗಳಲ್ಲಿ ಗಾಂಧಿ ಬಜಾರ್ ಮುಖ್ಯರಸ್ತೆಯನ್ನು ನಡೆಯೋರಿಗೆ ಅನುಕೂಲವಾಗಲಿ ಅಂತ ಅಗೆದು ಹೊಸದಾಗಿ ಕಟ್ಟಿದ್ದು ನಿಮಗೆ ಗೊತ್ತೇ ಇದೆ. ಆ ಕೆಲಸ ನಡೆಯುವಾಗ ಬೈದುಕೊಂಡವರಲ್ಲಿ ನಾವೂ ಇದ್ದೆವು. ಅಜ್ಜಿ ಜೊತೆ ನಡೆದಾಗ ಮೊದಲ ಸಲ ರಸ್ತೆಯನ್ನು ಪಾದದಿಂದ ನೋಡಿದೆವು. ಸಮನಾದ ಕಲ್ಲು ಎಷ್ಟು ದೊಡ್ಡ ವಿಷಯ, ಒಂದು ಅಂಗುಲ ಎದ್ದ ಕಲ್ಲಂಚು ಎಷ್ಟು ದೊಡ್ಡ ಗಂಡಾಂತರ, ಅಡ್ಡ ನಿಲ್ಲಿಸಿದ ಒಂದು ಬೈಕು ಅವರನ್ನು ಹೇಗೆ ರಸ್ತೆಗೆ ಇಳಿಸುತ್ತೆ. ಆ ಬೈಕು ಎಷ್ಟೋ ಸಲ ನಮ್ಮದೇ, ವಿದ್ಯಾರ್ಥಿ ಭವನದ ದೋಸೆಗೆ ಅಂತ ನಿಲ್ಲಿಸಿದ್ದು.

ಹೂವಿನವಳು ದೂರದಿಂದಲೇ "ಏನಮ್ಮಾ, ಇಷ್ಟು ದಿನ ಕಾಣಲೇ ಇಲ್ಲ" ಅಂದಳು. ಅಜ್ಜಿ ನಿಲ್ಲದೆ, ನಡೆಯುತ್ತಲೇ, "ಬಿದ್ದಿದ್ದೆ ಕಣೇ" ಅಂದರು. ಮೊಮ್ಮಗ ನಮ್ಮ ಗ್ರೂಪಿಗೆ ಕಳಿಸಿದ ಮೊದಲ ಮೆಸೇಜು ಇದೇ: ನಡೀತಾ ಮಾತಾಡಿದ್ರು.

ಈಗಿನ ಅಳತೆ: ಮೂರು ಮೀಟರ್ ಹೋಗಿ ಬರೋಕೆ 14 ಸೆಕೆಂಡ್. ಮೂವತ್ತು ಸೆಕೆಂಡಿಗೆ ಕೈ ಊರದೆ ಏಳೋದು ಏಳು ಸಲ. ಎರಡೂ ಇನ್ನೂ ಗೆರೆಯ ತಪ್ಪು ಕಡೆಯಲ್ಲೇ ಇವೆ. ಅಜ್ಜಿ ಮತ್ತೆ ಬೀಳಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಅದಕ್ಕೇ ಮೇಡಂ, ಬಿದ್ದರೆ ಏಳೋದು ಹೇಗೆ ಅಂತಲೂ ಕಲಿಸ್ತಿದ್ದಾರೆ: ಗಾಬರಿಯಾಗಿ ಫಕ್ಕನೆ ಏಳಬಾರದು, ನೋವೆಲ್ಲಿದೆ ನೋಡಿಕೊಂಡು ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಗಟ್ಟಿಯಾದ ಕುರ್ಚಿಯವರೆಗೆ ಹೋಗಿ, ಒಂದು ಪಾದ ಊರಿ ಏಳಬೇಕು. ನೆಲದ ಮೇಲೆ ಚಾಪೆ ಹಾಕಿ ಕೂತು ಊಟ ಮಾಡಿ ಬೆಳೆದವರಿಗೆ ಇದು ಬೇಗ ಬಂತು. ಸೋಫಾದಲ್ಲಿ ಬೆಳೆದ ನಮ್ಮ ಪೀಳಿಗೆಗೆ 78ರಲ್ಲಿ ಏನಾಗುತ್ತೋ ನೋಡಬೇಕು.

ನಮ್ಮ ಬೆಲ್ಟು? ಬಿಸಾಕಿಲ್ಲ. ಗೋಡೆಗೆ ಆನಿಕೊಂಡು ನಿಧಾನವಾಗಿ ಕುಸಿದರೆ ಅದಕ್ಕೆ ಗೊತ್ತೇ ಆಗಲ್ಲ, ಅಜ್ಜಿ ಸೋಫಾ ಮೇಲೆ ದೊಪ್ಪನೆ ಕೂತರೆ ಮಾತ್ರ ಮಗನಿಗೆ ಮೆಸೇಜ್ ಹೋಗುತ್ತೆ. ಅದೇ ಸೆನ್ಸರ್ ಈಗ ತೊಡೆಗೆ ಕಟ್ಟಿದ್ದೀವಿ. ಕುರ್ಚಿಯಿಂದ ಎಷ್ಟು ಸಲ ಎದ್ದರು, ಏಳೋಕೆ ಎಷ್ಟು ಹೊತ್ತು ಹಿಡೀತು, ಎಡಗಾಲು ಬಲಗಾಲಿಗಿಂತ ಎಷ್ಟು ನಿಧಾನ ಅಂತ ಬರೆದುಕೊಳ್ಳುತ್ತೆ, ಗುರುವಾರ ಮೇಡಂಗೆ ತೋರಿಸುತ್ತೆ. ಗೈಡ್ ಸರ್ "ಇದರಲ್ಲಿ ಅಲಾರಮ್ಮೇ ಇಲ್ವಲ್ರೋ, ಎಕ್ಸಿಬಿಷನ್‌ನಲ್ಲಿ ಏನು ತೋರಿಸ್ತೀರಿ?" ಅಂತ ಕೇಳಿದ್ದಾರೆ. ಅಜ್ಜಿಯನ್ನೇ ಕರೆದುಕೊಂಡು ಬರೋ ಯೋಚನೆ ಇದೆ. ಮುಂದಿನ ಗುರುವಾರದಿಂದ ಅವರ ಕಾಲಿನ ಪಟ್ಟಿ ಒಂದರಿಂದ ಒಂದೂವರೆ ಕೆಜಿಗೆ ಏರುತ್ತೆ.